ಗ್ರಂಥವಿಲ್ಲದ ನೃತ್ಯ: ಶ್ರೀಮತಿ ಅಮಲಾ ಶಂಕರರ ಕಾಯಕ
(ಶ್ರೀಮಠದ ಮಹೋತ್ಸವದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಕಾಯಕವನ್ನು ಕುರಿತು ಈ ಗೋಷ್ಠಿಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಒಕ್ಕಲುತನ, ನೇಯ್ಗೆ, ವ್ಯಾಪಾರ, ವಿದ್ಯಾದಾನ ಮುಂತಾದುವನ್ನು ಬಲ್ಲವರು ಆಗಲೇ ವಿವರಿಸಿದ್ದಾರೆ. ನಾನು ಹೇಳಹೊರಟಿರುವುದು ಒಬ್ಬ ನರ್ತಕಿಯ ಚರಿತ್ರೆಯನ್ನು. ಮಠದ ಅಂಗಳಕ್ಕೂ ಗೆಜ್ಜೆಯ ಸದ್ದಿಗೂ ಏನು ನಂಟು ಎಂದು ಹಿರಿಯರು ಕೆಲವರಾದರೂ ಹುಬ್ಬೇರಿಸಬಹುದು. ಆದರೆ ಶರಣರ ಪಂಕ್ತಿಯಲ್ಲಿ ಬಹುರೂಪಿ ಚೌಡಯ್ಯನೆಂಬವನಿದ್ದನು. ವೇಷ ಹಾಕಿ ಆಡುವುದೇ ಅವನ ಕಾಯಕ. ಆ ಕಾರಣದಿಂದ ಅವನನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ಅವನ ವಚನಗಳು ಉಳಿದ ಶರಣರ ವಚನಗಳ ಜೊತೆಯಲ್ಲಿಯೇ ನಮಗೆ ಬಂದಿವೆ. ಶಿವನನ್ನು ನಟೇಶನೆಂದು ಕರೆಯುವ ಬಾಯಿಯೇ ನೃತ್ಯವನ್ನು ಹಗುರವಾಗಿ ನುಡಿಯುವುದು ವಿಚಿತ್ರವಲ್ಲವೆ?

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವುಂಟು, ಮತ್ತು ಅದೇ ಮುಖ್ಯವಾದುದು. ಈಗ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುವುದು ವಾಡಿಕೆಯಾಗಿದೆ. ಐದಾರು ವರ್ಷದ ಹುಡುಗಿಯನ್ನು ಗುರುಗಳ ಬಳಿಗೆ ಕಳುಹಿಸುತ್ತೇವೆ. ಹತ್ತು ಹನ್ನೆರಡು ವರ್ಷ ಕಲಿಸುತ್ತೇವೆ. ಸಾಲ ಮಾಡಿಯಾದರೂ ರಂಗಪ್ರವೇಶವನ್ನು ನೆರವೇರಿಸುತ್ತೇವೆ. ತರುವಾಯ ಮದುವೆಯ ಮಾತು ಬಂದೊಡನೆ ಗೆಜ್ಜೆ ಪೆಟ್ಟಿಗೆಯನ್ನು ಸೇರುವುದು. ಗಂಡಿನ ಮನೆಯವರು ಬೇಡವೆಂದರೋ ಅಥವಾ ಅವರು ಬೇಡವೆನ್ನಬಹುದೆಂದು ನಾವೇ ಊಹಿಸಿದೆವೋ, ಹೇಳುವುದು ಕಷ್ಟ. ಹೀಗೆ ಪೆಟ್ಟಿಗೆ ಮುಚ್ಚಿದ ತಾಯಂದಿರು ಈ ಸಭೆಯಲ್ಲಿಯೂ ಇದ್ದಾರೆ. ಆದುದರಿಂದ ವಿವಾಹವು ನೃತ್ಯಕ್ಕೆ ಅಂತ್ಯವಾಗದೆ ನೃತ್ಯದ ನಡುಮನೆಯೇ ಆದ ಒಂದು ಬಾಳನ್ನು, ಆ ಮನೆ ಒಡೆದ ಮೇಲೆಯೂ ನೃತ್ಯವನ್ನು ಬಿಡದಿದ್ದ ಒಬ್ಬ ಹೆಂಗಸಿನ ಬಾಳನ್ನು, ತಮ್ಮ ಮುಂದಿಡಬೇಕೆಂದು ತೋರಿತು. ಅವರೇ ಅಮಲಾ ಶಂಕರರು.

ಅಮಲಾ ನಂದಿಯವರು ಹುಟ್ಟಿದುದು 1919ನೆಯ ಇಸವಿ ಜೂನ್ 27ರಂದು, ಅಂದಿನ ಬಂಗಾಳದ ಜೆಸ್ಸೋರ್ ಜಿಲ್ಲೆಯ ಬಟಾಜೋರ್ ಎಂಬ ಹಳ್ಳಿಯಲ್ಲಿ. ಆ ಸೀಮೆಯು ಇಂದು ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಅಕ್ಷಯಕುಮಾರ ನಂದಿಯವರು ಒಡವೆಗಳ ವ್ಯಾಪಾರಿಗಳು. ಪೇಟೆಯಲ್ಲಿ ವ್ಯವಹಾರವಿದ್ದರೂ ಮಕ್ಕಳು ಹಳ್ಳಿಯ ಮಣ್ಣಿನಲ್ಲಿ, ಗಿಡಮರಗಳ ನಡುವೆ ಬೆಳೆಯಬೇಕೆಂಬ ಹಂಬಲವುಳ್ಳವರು. 1931ರಲ್ಲಿ ಪ್ಯಾರಿಸ್ ನಗರದಲ್ಲಿ ವಸಾಹತುಗಳ ಮಹಾಪ್ರದರ್ಶನ ಏರ್ಪಟ್ಟಾಗ ನಂದಿಯವರು ಅದರಲ್ಲಿ ಭಾಗವಹಿಸಲು ಹೊರಟರು; ಹನ್ನೊಂದರ ಮಗಳನ್ನೂ ಜೊತೆಗೆ ಕರೆದೊಯ್ದರು. ಆ ಕಾಲದಲ್ಲಿ ಹೆಣ್ಣುಮಗುವೊಂದನ್ನು ಕಡಲು ದಾಟಿಸುವುದೆಂದರೆ ಸಾಮಾನ್ಯದ ಮಾತಲ್ಲ. ಅಮಲೆಯ ಕಥೆಯಲ್ಲಿ ಪತಿಗಿಂತ ಮೊದಲು ನೆನೆಯತಕ್ಕವನು ಈ ತಂದೆ.

ಅದೇ ವರ್ಷ ಮಾರ್ಚಿ ತಿಂಗಳಲ್ಲಿ ಉದಯಶಂಕರರು ತಮ್ಮ ತಂಡದೊಡನೆ ಪ್ಯಾರಿಸಿನ ಷಾಂಜೆಲಿಜೆ ರಂಗಮಂದಿರದಲ್ಲಿ ಮೊದಲ ಪ್ರದರ್ಶನವನ್ನು ಕೊಟ್ಟಿದ್ದರು. ಅವರ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಹುಟ್ಟಿದುದು 1900ರ ಡಿಸೆಂಬರ್ 8ರಂದು, ಉದಯಪುರದಲ್ಲಿ. ಆ ಊರಿನಿಂದಲೇ ಆ ಹೆಸರು. ಮುಂಬಯಿಯಲ್ಲಿಯೂ ಲಂಡನ್ನಿನಲ್ಲಿಯೂ ಚಿತ್ರಕಲೆಯನ್ನು ಕಲಿತರು. ಅಲ್ಲಿರುವಾಗ ರಷ್ಯದ ಸುಪ್ರಸಿದ್ಧ ನರ್ತಕಿ ಅನ್ನಾ ಪಾವ್ಲೋವಾ ಅವರ ದೃಷ್ಟಿಗೆ ಬಿದ್ದು, 1923ರಲ್ಲಿ ಆಕೆಗಾಗಿ ರಾಧಾಕೃಷ್ಣರ ನೃತ್ಯವನ್ನು ರಚಿಸಿ, ಆಕೆಯೊಡನೆ ತಾವೇ ಕೃಷ್ಣರಾಗಿ ಕುಣಿದರು. ಯಾವ ಗುರುಕುಲದಲ್ಲಿಯೂ ಅಡವು ಕಲಿತವರಲ್ಲ. ಶಿಲ್ಪಗಳನ್ನೂ ಚಿತ್ರಗಳನ್ನೂ ಹಳ್ಳಿಯ ಕುಣಿತಗಳನ್ನೂ ನೋಡಿ ನೋಡಿ, ನೋಡಿದುದನ್ನು ಮೈಗೆ ಇಳಿಸಿಕೊಂಡವರು. ಸ್ವಿಟ್ಜರ್ಲೆಂಡಿನ ಶಿಲ್ಪಿ ಆಲಿಸ್ ಬೋನರ್ ಅವರ ನೆರವಿನಿಂದ ತಂಡ ಕಟ್ಟಿದರು. ತಮ್ಮಂದಿರು, ಬಂಧುಗಳು, ವಾದ್ಯಗಾರರು, ತಾಯಿ ಹೇಮಾಂಗಿನೀದೇವಿ, ಎಲ್ಲರೂ ಪ್ಯಾರಿಸಿನಲ್ಲಿ ಒಂದೇ ಸಂಸಾರವಾಗಿ ವಾಸವಾಗಿದ್ದರು. ಮುಂದೆ ಸಿತಾರಿನಿಂದ ಜಗದ್ವಿಖ್ಯಾತರಾದ ರವಿಶಂಕರರು ಆಗ ಆ ಮನೆಯ ಪುಟ್ಟ ಹುಡುಗ.

ನಂದಿಯವರು ಮಗಳೊಡನೆ ಈ ಮನೆಗೆ ಹೋದರು. ಹುಡುಗಿ ಪಾಶ್ಚಾತ್ಯ ರೀತಿಯ ಲಂಗವನ್ನು ತೊಟ್ಟಿದ್ದಳು. ಹೇಮಾಂಗಿನೀದೇವಿಯವರು ಅವಳಿಗೊಂದು ಸೀರೆಯನ್ನು ಕೊಟ್ಟು ಉಡಿಸಿದರಂತೆ. ಪರದೇಶದಲ್ಲಿ ನಮ್ಮ ಕಡೆಯ ಮಗುವೊಂದು ಮನೆಗೆ ಬಂದಾಗ ತಾಯಿಯಾದವಳಿಗೆ ಇನ್ನೇನು ತೋರೀತು? ಆ ಸೀರೆಯೊಡನೆ ಅಮಲೆ ಆ ಸಂಸಾರದವಳಾದಳು. ತಂಡದವರೊಡನೆ ಕಲಿತಳು, ಕಾಳಿಯದಮನವೆಂಬ ನೃತ್ಯರೂಪಕದಲ್ಲಿ ಕಾಳಿಂಗಸರ್ಪದ ವೇಷವನ್ನು ಧರಿಸಿದಳು, ಯೂರೋಪಿನ ಊರೂರುಗಳಲ್ಲಿ ತಂಡದೊಡನೆ ಸಂಚರಿಸಿದಳು. ಹಿಂದಿರುಗಿದ ಮೇಲೆ ಈ ಪ್ರವಾಸವನ್ನು ಕುರಿತು ಬಂಗಾಳಿಯಲ್ಲಿ ಒಂದು ಪುಸ್ತಕವನ್ನೇ ಬರೆದಳು. ಪುಸ್ತಕದ ಹೆಸರಿನಲ್ಲಿ ಏಳು ಸಮುದ್ರಗಳು. ಬರೆದವಳ ವಯಸ್ಸು ಇನ್ನೂ ಹದಿಹರೆಯ.

ತರುವಾಯದ ವರ್ಷಗಳು ಓದಿನಲ್ಲಿ ಕಳೆದುವು. ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ವಿಸ್ತರಿಸಬೇಕಾದುದು ಆಲ್ಮೋರದ ವಿಷಯ.

1939ರಲ್ಲಿ ಉದಯಶಂಕರರು ಹಿಮಾಲಯದ ತಪ್ಪಲಿನ ಆಲ್ಮೋರದ ಬಳಿ, ಸಿಮ್ತೋಲದಲ್ಲಿ, ಭಾರತೀಯ ಸಂಸ್ಕೃತಿಕೇಂದ್ರವೆಂಬ ನೃತ್ಯಶಾಲೆಯನ್ನು ಸ್ಥಾಪಿಸಿದರು. ಇಂಗ್ಲೆಂಡಿನ ಡಾರ್ಟಿಂಗ್ಟನ್ನಿನ ಎಲ್ಮ್‌ಹರ್ಸ್ಟ್ ದಂಪತಿಗಳು ಧನಸಹಾಯ ಮಾಡಿದರು. ಆ ಶಾಲೆಯ ಗುರುಗಳ ಹೆಸರುಗಳನ್ನು ಕೇಳಿರಿ: ಕಥಕಳಿಗೆ ಶಂಕರನ್ ನಂಬೂದಿರಿಗಳು, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೆಯವರು, ಮಣಿಪುರಿಗೆ ಅಮೋಬಿ ಸಿಂಗರು, ಸಂಗೀತಕ್ಕೆ ಉಸ್ತಾದ್ ಅಲ್ಲಾವುದ್ದೀನ್ ಖಾನರು. ದೇಶದ ನಾಲ್ಕು ಮೂಲೆಗಳ ವಿದ್ಯೆ ಒಂದು ಗುಡ್ಡದ ಮೇಲೆ ನೆರೆದಿತ್ತು. ಬೆಂಗಳೂರಿನಲ್ಲಿ ಹುಟ್ಟಿ ಮುಂದೆ ಹಿಂದೀ ಚಲಚ್ಚಿತ್ರಗಳಿಂದ ಕೀರ್ತಿಪಡೆದ ಗುರುದತ್ತರೂ ಹದಿನೇಳರ ಹರೆಯದಲ್ಲಿ ಅಲ್ಲಿ ಶಿಷ್ಯರಾಗಿದ್ದರೆಂಬುದು ನಮಗೆ ಸಂತೋಷದ ಸಂಗತಿ.

ಅಮಲೆಯೂ ಆ ಶಾಲೆಯನ್ನು ಸೇರಿದರು. ಅಲ್ಲಿಯ ಪಾಠಕ್ರಮವು ಗಮನಿಸತಕ್ಕದ್ದು. ಗುರುಗಳಿಂದ ಆಯಾ ಸಂಪ್ರದಾಯದ ಶಿಕ್ಷಣ ನಡೆಯುತ್ತಿತ್ತು. ಅದಲ್ಲದೆ ಉದಯಶಂಕರರು ತಾವೇ ನಡೆಸುವ ಪಾಠವೊಂದಿತ್ತು. ಅದರಲ್ಲಿ ಬರಿಯ ನಡಿಗೆಯನ್ನೇ ಅಭ್ಯಾಸ ಮಾಡಿಸುತ್ತಿದ್ದರು. ನಡೆಯಲು ಯಾರಿಗೆ ತಿಳಿಯದು ಎಂದು ನಗಬಹುದು. ಸಭೆಯೊಂದನ್ನು ದಾಟಿ ಹೋಗುವಾಗ ನಮ್ಮ ಕೈಗಳನ್ನು ಎಲ್ಲಿಡಬೇಕೆಂದು ನಮಗೆ ತಿಳಿಯದಿರುವುದನ್ನು ನೆನೆದರೆ ನಗು ನಿಲ್ಲುವುದು. ಬಳಿಕ ಶಿಷ್ಯರು ತಾವೇ ಒಂದು ಭಾವವನ್ನೋ ಒಂದು ಸನ್ನಿವೇಶವನ್ನೋ ಆ ಕ್ಷಣದಲ್ಲಿಯೇ ಕಲ್ಪಿಸಿ ಮೈಯಿಂದ ತೋರಿಸಬೇಕಾಗಿತ್ತು. ಅವಧಾನ, ವೀಕ್ಷಣ, ಕಲ್ಪನೆ, ಈ ಮೂರೇ ಆ ಪಾಠದ ತಿರುಳು. ನಮ್ಮ ಮಠಗಳಲ್ಲಿ ಇಷ್ಟಲಿಂಗದ ಮುಂದೆ ಕುಳಿತು ದೃಷ್ಟಿಯನ್ನು ನಿಲ್ಲಿಸಲು ಕಲಿಸುವರಷ್ಟೆ. ಮನಸ್ಸು ನಿಲ್ಲದೆ ಮೈ ನಿಲ್ಲದೆಂಬುದನ್ನು ಈ ಸಭೆಗೆ ನಾನು ಬೇರೆಯಾಗಿ ಹೇಳಬೇಕಾಗಿಲ್ಲ.

ಆ ಗುಡ್ಡದ ಮೇಲೆಯೇ ರಾಮಲೀಲೆಯನ್ನು ನೆರಳಾಟವಾಗಿ ಆಡಿದರು. ತೊಗಲುಗೊಂಬೆಯಾಟವನ್ನು ಕಂಡ ಕನ್ನಡಿಗರಿಗೆ ಪರದೆಯ ಮೇಲಿನ ನೆರಳು ಹೊಸತಲ್ಲ. ಅಲ್ಲಿ ಮಾತ್ರ ಗೊಂಬೆಯ ಸ್ಥಾನದಲ್ಲಿ ಮನುಷ್ಯದೇಹವಿತ್ತು. ‘ಶ್ರಮ ಮತ್ತು ಯಂತ್ರ’ ಎಂಬ ಇನ್ನೊಂದು ರೂಪಕದಲ್ಲಿ ಕಾರ್ಖಾನೆಯ ಆಳುಗಳ ದುಡಿಮೆಯೇ ವಸ್ತು. ದೇವದಾನವರ ಕಥೆಗಳಿಗೆ ಮೀಸಲಾಗಿದ್ದ ನೃತ್ಯದಲ್ಲಿ ದುಡಿಯುವವನ ಬೆನ್ನೂ ತೋಳೂ ಕಾಣಿಸಿಕೊಂಡುವು. ಕಾಯಕವನ್ನು ಮೇಲೆತ್ತಿದ ಮತದವರಾದ ನಮಗೆ ಇದು ಮೆಚ್ಚುಗೆಯಾಗಬೇಕಾದ ವಿಷಯ.

1942ರಲ್ಲಿ ಅಮಲೆಗೂ ಉದಯಶಂಕರರಿಗೂ ವಿವಾಹವಾಯಿತು. ಆಕೆಗೆ ಇಪ್ಪತ್ತಮೂರರ ಸುಮಾರು, ಆತನಿಗೆ ನಲವತ್ತು ಮೀರಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಮಗ ಆನಂದಶಂಕರ ಹುಟ್ಟಿದನು. ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಗುರುವೂ ಪತಿಯೂ ಒಬ್ಬನೇ ಆಗಿ, ವಯಸ್ಸಿನಲ್ಲಿ ಇಷ್ಟು ಹಿರಿಯನೂ ಕೀರ್ತಿಯಲ್ಲಿ ಆಕಾಶಕ್ಕೇರಿದವನೂ ಆದಾಗ, ಹೆಂಡತಿಯು ಅವನ ನೆರಳಾಗಿ ಕರಗಿಹೋಗುವುದೇ ಹೆಚ್ಚು. ಸಾಲದುದಕ್ಕೆ ಅಮಲೆಗಿಂತ ಮುಂಚೆ ಉದಯಶಂಕರರ ಜೊತೆಗಾತಿಯಾಗಿ ವರ್ಷಗಟ್ಟಲೆ ಕುಣಿದು ಲೋಕವನ್ನೇ ಮೆಚ್ಚಿಸಿದ್ದವರು ಸಿಮ್ಕಿ ಎಂಬ ಫ್ರೆಂಚ್ ನರ್ತಕಿ. ಶಿವಪಾರ್ವತಿಯರ ನೃತ್ಯದಲ್ಲಿ ಜನರ ಕಣ್ಣಿನಲ್ಲಿ ನಿಂತಿದ್ದ ಪಾರ್ವತಿ ಅವರೇ. ಆ ಸ್ಥಾನದಲ್ಲಿ ನಿಲ್ಲುವುದು ಸುಲಭವಾಗಿರಲಿಲ್ಲ.

ಅಮಲೆಯವರು ನಿಂತರು. ಹೇಗೆ ನಿಂತರೆಂಬುದಕ್ಕೆ ನನಗೆ ತೋರುವ ಕಾರಣ ಇದು. ಉಳಿದವರು ಆ ಶೈಲಿಯನ್ನು ಬೆಳೆದ ಮೇಲೆ ಕಲಿತರು. ಅಮಲೆಯೋ, ಹನ್ನೊಂದನೆಯ ವಯಸ್ಸಿನಿಂದ ಅದನ್ನು ಮನೆಮಾತಿನಂತೆ ಕಲಿತವರು. ಅಲೆಯಂತೆ ಭುಜದಿಂದ ಬೆರಳಿನ ತುದಿಯವರೆಗೆ ಹರಿಯುವ ಉದಯಶಂಕರರ ತೋಳಿನ ಚಲನೆಯು ಪ್ರಸಿದ್ಧವಾದುದು. ಅಮಲೆಯವರಲ್ಲಿ ಅದು ಅನುಕರಣದಂತೆ ತೋರದೆ ಸ್ವಭಾವದಂತೆ ತೋರುತ್ತಿತ್ತು. ಅವರಿಬ್ಬರೂ ಜೊತೆಯಾಗಿ ಕುಣಿದ ದೃಶ್ಯಗಳನ್ನು ಇಂದಿಗೂ ಚಲಚ್ಚಿತ್ರದಲ್ಲಿ ನೋಡಬಹುದಾದ ಕಾರಣ, ಇದು ಕೇವಲ ಹೊಗಳಿಕೆಯಲ್ಲವೆಂದು ಯಾರಾದರೂ ಪರೀಕ್ಷಿಸಿಕೊಳ್ಳಬಹುದು.

ಆ ಚಲಚ್ಚಿತ್ರವೇ ‘ಕಲ್ಪನಾ’. ಯುದ್ಧಕಾಲದ ಧನಾಭಾವದಿಂದ ಆಲ್ಮೋರದ ಕೇಂದ್ರವು ನಾಲ್ಕೈದು ವರ್ಷಗಳಲ್ಲಿಯೇ ಮುಚ್ಚಿಹೋಯಿತು. ಗುಡ್ಡದ ಮೇಲೆ ಕಟ್ಟಲಾಗದುದನ್ನು ಪರದೆಯ ಮೇಲೆ ಕಟ್ಟುವೆನೆಂದು ಉದಯಶಂಕರರು ಮದರಾಸಿನ ಜೆಮಿನಿ ಸ್ಟುಡಿಯೋವಿಗೆ ಬಂದರು. ವರ್ಷಗಳ ದುಡಿಮೆಯ ತರುವಾಯ 1948ರಲ್ಲಿ ಚಿತ್ರ ಹೊರಬಂದಿತು. ಹಿಮಾಲಯದಲ್ಲಿ ಕಲಾಕೇಂದ್ರವನ್ನು ಕಟ್ಟಬಯಸುವ ಉದಯನ್ ಎಂಬ ನರ್ತಕನ ಕಥೆಯದು; ಆ ಕಥೆಯನ್ನು ಚಲಚ್ಚಿತ್ರಗಳ ನಿರ್ಮಾಪಕನೊಬ್ಬನಿಗೆ ಓದಿ ಹೇಳುವಂತೆ ಹೆಣೆದಿದೆ. ಕೇಳಿದ ನಿರ್ಮಾಪಕನಿಗೆ ಹಣದ ಚಿಂತೆಯೇ ಹೊರತು ಕನಸಿನ ಚಿಂತೆಯಿಲ್ಲ. ಉದಯನನಾಗಿ ಉದಯಶಂಕರರೂ ಉಮೆಯಾಗಿ ಅಮಲೆಯವರೂ ನಟಿಸಿದರು. ನೃತ್ಯಗಳು ಒಂದರಮೇಲೊಂದರಂತೆ ಬರುವ ಈ ಚಿತ್ರವನ್ನು ನಿರ್ಮಿಸುವಾಗ ಅಮಲೆಯವರು ಐದಾರು ವರ್ಷದೊಳಗಿನ ಮಗುವಿನ ತಾಯಿ. ಗೆಜ್ಜೆಯ ಪೆಟ್ಟಿಗೆಯ ವಿಷಯವನ್ನು ಮೊದಲಲ್ಲಿ ಎತ್ತಿದುದರಿಂದ ಇದನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ಚಿತ್ರಕ್ಕೆ ಹಣ ಬರಲಿಲ್ಲ. ಚಿತ್ರದೊಳಗಿನ ನಿರ್ಮಾಪಕನ ಮಾತೇ ಹೊರಗೆ ನಿಜವಾಯಿತು. ಆದರೂ ತಂಡವನ್ನು ಮತ್ತೆ ಕಟ್ಟಿ ದಂಪತಿಗಳು ಊರೂರುಗಳಲ್ಲಿ ಕುಣಿದರು. 1955ರಲ್ಲಿ ಮಗಳು ಮಮತಾ ಹುಟ್ಟಿದಳು. 1961ರಲ್ಲಿ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ಸಂದರ್ಭದಲ್ಲಿ ಅವರ ಕವಿತೆಯನ್ನು ಆಧರಿಸಿದ ‘ಸಾಮಾನ್ಯ ಕ್ಷತಿ’ ಎಂಬ ನೃತ್ಯನಾಟಕವು ರಂಗಕ್ಕೆ ಬಂದಿತು. ಅಮಲೆಯವರು ಚಿತ್ರವನ್ನೂ ಬರೆಯುತ್ತಿದ್ದರು. ಕುಂಚವನ್ನು ಬದಿಗಿಟ್ಟು ಬೆರಳಿನ ತುದಿಯಿಂದಲೂ ಉಗುರಿನಿಂದಲೂ ಬುದ್ಧದೇವನ ಜೀವಿತವನ್ನು ಚಿತ್ರಿಸಿದರು. ರಂಗದ ಮೇಲೆ ಮಾತನಾಡುವ ಬೆರಳುಗಳಿಗೆ ಕುಂಚ ಏಕೆ ಬೇಕು?

1965ರಲ್ಲಿ ಕಲ್ಕತ್ತೆಯಲ್ಲಿ ಉದಯಶಂಕರರ ಹೆಸರಿನ ಸಂಸ್ಕೃತಿಕೇಂದ್ರವು ಪ್ರಾರಂಭವಾಯಿತು. ಅದನ್ನು ದಿನದಿನವೂ ನಡೆಯಿಸಿದವರು ಅಮಲೆಯವರು. ಇಲ್ಲಿಂದ ಮುಂದಿನ ಕಥೆಯಲ್ಲಿ ನೋವಿದೆ. ಇದನ್ನು ಬಿಟ್ಟು ಹೇಳಿದರೆ ಚರಿತ್ರೆಯು ಹರಿಕಥೆಯಾಗುವುದು. ದಂಪತಿಗಳ ನಡುವೆ ಬಿರುಕು ಬಿಟ್ಟಿತು. ಉದಯಶಂಕರರು ತಮ್ಮ ಕಡೆಯ ವರ್ಷಗಳನ್ನು ಬೇರೆಯಾಗಿಯೇ ಕಳೆದರು. 1970ರಲ್ಲಿ ರಂಗವನ್ನೂ ಚಲಚ್ಚಿತ್ರವನ್ನೂ ಬೆರಸಿದ ‘ಶಂಕರಸ್ಕೋಪ್’ ಎಂಬ ಹೊಸ ಪ್ರಯೋಗವನ್ನು ಮಾಡಿದರು. 1971ರಲ್ಲಿ ಪದ್ಮವಿಭೂಷಣವು ಅವರಿಗೆ ಬಂದಿತು. 1977ನೆಯ ಇಸವಿ ಸೆಪ್ಟೆಂಬರ್ 26ರಂದು ಕಲ್ಕತ್ತೆಯಲ್ಲಿ ಕಾಲವಾದರು. ಒಡಕಿಗೆ ಯಾರು ಕಾರಣ, ಏನು ಕಾರಣ ಎಂದು ತೂಗುವ ತಕ್ಕಡಿ ಹೊರಗಿನವರ ಕೈಯಲ್ಲಿಲ್ಲ. ನಾವು ನೋಡಬೇಕಾದುದು ಆ ಮೇಲೆ ಆಕೆ ಏನು ಮಾಡಿದರೆಂಬುದನ್ನು.

ಆಕೆ ಕೇಂದ್ರದ ಬಾಗಿಲನ್ನು ಮುಚ್ಚಲಿಲ್ಲ. ಅದರ ಮೇಲಿನ ಹೆಸರನ್ನು ಅಳಿಸಲಿಲ್ಲ. ತನ್ನಿಂದ ದೂರವಾದವನ ಹೆಸರಿನ ಕೆಳಗೆ ಕುಳಿತು ಅವನ ನೃತ್ಯವನ್ನು ಮಕ್ಕಳಿಗೆ ಕಲಿಸಿದರು. ಇದು ಪತಿಭಕ್ತಿಯೆಂದು ಕೆಲವರು ಕೊಂಡಾಡುವರು. ಇನ್ನು ಕೆಲವರು ಇದನ್ನು ದಾಸ್ಯವೆಂದು ಮೂಗುಮುರಿಯುವರು. ನನಗೆ ಎರಡೂ ಒಪ್ಪಿಗೆಯಲ್ಲ. ಆಯ್ದಕ್ಕಿ ಮಾರಯ್ಯನ ಕಥೆ ತಮಗೆಲ್ಲ ತಿಳಿದುದೇ. ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮ ಹಿಂದಿರುಗಿಸಿ ಕಳುಹಿಸಿದಳು. ಆ ಮನೆಯಲ್ಲಿ ಕಾಯಕವು ಗಂಡನದೂ ಅಲ್ಲ, ಹೆಂಡತಿಯದೂ ಅಲ್ಲ. ಇಬ್ಬರೂ ಅದಕ್ಕೆ ಉತ್ತರ ಹೇಳಬೇಕಾದವರು. ಹಾಗೆಯೇ ಅಮಲೆಯವರು ಕಾಪಾಡಿದುದು ಗಂಡನ ಸೊತ್ತನ್ನಲ್ಲ, ಹನ್ನೊಂದರ ವಯಸ್ಸಿನಿಂದ ತಾನು ಮೈಯಲ್ಲಿ ಹೊತ್ತು, ಮುವ್ವತ್ತು ನಲವತ್ತು ವರ್ಷ ತಾನೂ ಸೇರಿ ಕಟ್ಟಿದ ವಿದ್ಯೆಯನ್ನು.

ಇದನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಭರತನಾಟ್ಯಕ್ಕೆ ಶಾಸ್ತ್ರಗ್ರಂಥಗಳಿವೆ, ಅಡವುಗಳಿಗೆ ಹೆಸರುಗಳಿವೆ, ಮುದ್ರೆಗಳಿಗೆ ಲಕ್ಷಣಶ್ಲೋಕಗಳಿವೆ. ಒಬ್ಬ ಗುರು ಹೋದರೆ ಇನ್ನೊಬ್ಬನಿದ್ದಾನೆ. ಉದಯಶಂಕರರ ನೃತ್ಯಕ್ಕೆ ಇವು ಯಾವುವೂ ಇಲ್ಲ. ಅವರು ಚಲನೆಯನ್ನು ಮೊದಲು ಮೈಯಲ್ಲಿ ಕಟ್ಟಿ, ಅದಕ್ಕೆ ಹೊಂದುವಂತೆ ಸಂಗೀತವನ್ನು ಬಳಿಕ ಕೂಡಿಸುತ್ತಿದ್ದರು. ಹಾಡಿನ ಸಾಲನ್ನು ಹಿಡಿದು ಹೆಜ್ಜೆಯನ್ನು ನೆನಪಿಗೆ ತರುವಂತೆಯೂ ಇರಲಿಲ್ಲ. ಕಲ್ಯಾಣದ ವಿಪ್ಲವದಲ್ಲಿ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂದೂ ಆ ಸಾಹಸದಲ್ಲಿ ಅಕ್ಕನಾಗಮ್ಮನವರು ಮುಂದಾಗಿದ್ದರೆಂದೂ ನಮ್ಮ ಪರಂಪರೆ ಹೇಳುವುದು. ಓಲೆ ಉಳಿದುದರಿಂದಲೇ ಶತಮಾನಗಳ ತರುವಾಯ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ತೆಗೆದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಮಾಡಲು ಸಾಧ್ಯವಾಯಿತು. ನೃತ್ಯವನ್ನು ಓಲೆಯಲ್ಲಿ ಕಟ್ಟಿಡಲು ಬರುವುದಿಲ್ಲ. ಬಲ್ಲವರ ಮೈಯೇ ಅದರ ಓಲೆ, ಅದರ ಕಟ್ಟು, ಅದರ ಮಠ. ಆ ಮೈ ಮುನಿಸಿಕೊಂಡು ಸುಮ್ಮನೆ ಕುಳಿತರೆ ಗ್ರಂಥಭಂಡಾರವೇ ಸುಟ್ಟಂತೆ. ಅಮಲೆಯವರು ಸುಮ್ಮನೆ ಕುಳಿತುಕೊಳ್ಳಲಿಲ್ಲ.

ಉದಯಶಂಕರರು ಅಡವುಗಳ ಶುದ್ಧಿಯಿಲ್ಲದೆ ಎಲ್ಲವನ್ನೂ ಬೆರಸಿದವರು ಎಂಬ ಆಕ್ಷೇಪವು ಹಿಂದೆಯೂ ಇತ್ತು, ಈಗಲೂ ಉಂಟು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆ ಕಾಲದ ಸ್ಥಿತಿಯನ್ನು ನೆನೆಯಬೇಕು. ನಮ್ಮ ಮೈಸೂರು ಸಂಸ್ಥಾನದಲ್ಲಿ 1909ರಲ್ಲಿಯೇ ದೇವಾಲಯಗಳ ದೇವದಾಸೀ ಸೇವೆಯನ್ನು ನಿಲ್ಲಿಸಿದ್ದರು. ಮದರಾಸು ಪ್ರಾಂತದಲ್ಲಿ 1947ರಲ್ಲಿ ಅದಕ್ಕೆ ಕಾನೂನೇ ಬಂದಿತು. ಆ ಪದ್ಧತಿ ತೊಲಗಿದುದು ನ್ಯಾಯವೇ. ಅದರ ಜೊತೆಗೆ ಮರ್ಯಾದಸ್ಥರ ಮನೆಯ ಹೆಣ್ಣು ಕುಣಿಯತಕ್ಕದ್ದಲ್ಲವೆಂಬ ಭಾವನೆಯೂ ಬಲಿಯಿತು. ಅಂತಹ ದಿನಗಳಲ್ಲಿ ಒಬ್ಬ ಗೃಹಿಣಿ, ತಾಯಿ, ಗಂಡನ ಪಕ್ಕದಲ್ಲಿ ನಿಂತು, ಸಾವಿರಾರು ಜನರ ಮುಂದೆ ತಲೆಯೆತ್ತಿ ಕುಣಿದುದರಿಂದ ಎಷ್ಟು ಮನೆಗಳ ಬಾಗಿಲು ತೆರೆದಿರಬೇಕೆಂಬುದನ್ನು ಶುದ್ಧಿಯ ಲೆಕ್ಕ ಮಾಡುವವರು ಮರೆಯುತ್ತಾರೆ.

ಆಕೆಯ ಸಂತಾನವೆಲ್ಲ ಕಲೆಯಲ್ಲಿಯೇ ಬೆಳೆಯಿತು. ಆನಂದಶಂಕರರು ಸಂಗೀತಗಾರರಾದರು, ಅವರ ಪತ್ನಿ ತನುಶ್ರೀಯವರು ನರ್ತಕಿ, ಮಮತಾಶಂಕರರು ನೃತ್ಯದಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಹೆಸರು ಪಡೆದರು. 1999ರಲ್ಲಿ ಆನಂದಶಂಕರರು ತೀರಿಕೊಂಡಾಗ ತಾಯಿಗೆ ಎಂಬತ್ತರ ಹೊಸ್ತಿಲು. ಪುತ್ರಶೋಕದ ಮೇಲೆಯೂ ಆಕೆ ರಂಗವನ್ನು ತೊರೆಯಲಿಲ್ಲ. ತೊಂಬತ್ತೆರಡನೆಯ ವಯಸ್ಸಿನಲ್ಲಿ ಸೀತಾಸ್ವಯಂವರದ ನೃತ್ಯನಾಟಕದಲ್ಲಿ ಜನಕರಾಜನ ಪಾತ್ರವನ್ನು ವಹಿಸಿದರು. ಹಿಂದೆ ಪಾರ್ವತಿಯಾಗಿ ಕುಣಿದವರು ಮಗಳನ್ನು ಧಾರೆಯೆರೆದು ಕೊಡುವ ತಂದೆಯಾಗಿ ನಿಂತರು. 2011ರಲ್ಲಿ ಪಶ್ಚಿಮ ಬಂಗಾಳದ ಸರ್ಕಾರವು ಬಂಗವಿಭೂಷಣವನ್ನಿತ್ತು ಗೌರವಿಸಿತು.

ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಭಂಡಾರದಲ್ಲಿ ಉಳಿದಿದ್ದ ಪ್ರತಿಯಿಂದ ‘ಕಲ್ಪನಾ’ವನ್ನು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸೆಯವರ ಸಂಸ್ಥೆಯು ಜೀರ್ಣೋದ್ಧಾರ ಮಾಡಿಸಿತು. 2012ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವಾಯಿತು. ಹೇಮಾಂಗಿನೀದೇವಿಯವರು ಸೀರೆಯುಡಿಸಿದ ದೇಶಕ್ಕೆ ಎಂಬತ್ತೊಂದು ವರ್ಷಗಳ ತರುವಾಯ ಅಮಲೆಯವರು ಮತ್ತೆ ಹೋದರು, ಸೀರೆಯನ್ನುಟ್ಟೇ ಹೋದರು. ಪರದೆಯ ಮೇಲೆ ಇಪ್ಪತ್ತೇಳು ಇಪ್ಪತ್ತೆಂಟರ ಉಮೆಯನ್ನು ತೊಂಬತ್ತು ಮೀರಿದ ಉಮೆ ಕುಳಿತು ನೋಡಿದರು.

ನೂರ ಒಂದು ವರ್ಷಗಳನ್ನು ತುಂಬಿಸಿ, 2020ನೆಯ ಇಸವಿ ಜುಲೈ 24ರಂದು ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಸಾಂಕ್ರಾಮಿಕ ರೋಗದಿಂದ ದೇಶದ ರಂಗಮಂದಿರಗಳೆಲ್ಲ ಬಾಗಿಲು ಮುಚ್ಚಿದ್ದ ಕಾಲವದು.